ಹಿಂದಿನ ಕೋಣೆ

"ಅತ್ತಿಗೆ, ಕೈ ಬಿಡಬೇಡಿ," ಎಂದು ನಾದಿನಿ ಏಣಿಯನ್ನು ಒತ್ತಿ ಹಿಡಿದಳು.

ಅತ್ತಿಗೆ ತನ್ನ ಗಂಡನನ್ನು ಮಣ್ಣುಮಾಡಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಅಲ್ಲಿಂದ ಅವಳು ನೇರವಾಗಿ ದೋಣಿ ರಿಪೇರಿಯ ಯಾರ್ಡಿಗೆ ಬಂದಿದ್ದಳು. ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ್ದ ಹಳೆಯ ಹಾಯಿದೋಣಿಯನ್ನು ಈಗ ಮೊದಲ ಸಲ ಹತ್ತುತ್ತಿದ್ದಳು. ಕೆಲಸ ಮುಗಿಯುವವರೆಗೂ ನೋಡಬಾರದೆಂದು ಗಂಡ ಹೇಳಿದ್ದ.

"ನಮ್ಮ ಕ್ಯಾಪ್ಟನ್ ಹನ್ನೆರಡು ವರ್ಷ ಓಡಿಸಿದ. ದೋಣಿ ಈ ಏಣಿ ದಾಟಿ ಆಚೆ ಹೋಗ್ಲಿಲ್ಲ," ಎಂದು ತೀರಿಕೊಂಡ ಭಾವನನ್ನು ಗೇಲಿಮಾಡಿದ ನಾದಿನಿಯ ಗಂಡ. ಯಾರ್ಡಿನ ಮೇಸ್ತ್ರಿ ನಗಲಿಲ್ಲ.

*

ದೋಣಿ ಕೊಂಡ ದಿನ, ಬಡಗಿಯಾಗಿದ್ದ ಗಂಡ ಊಟದ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಅದರ ಚಿತ್ರ ಬರೆದಿದ್ದ.

"ಬೇರೆ ದೋಣಿಗಳಲ್ಲಿ ಚುಕ್ಕಾಣಿ ಹಿಡಿಯೋ ಜಾಗ ಹಿಂದಿರುತ್ತೆ. ಇದರಲ್ಲಿ ನಡುವೆ. ಅದಕ್ಕೇ ಹಿಂದೆ ಪೂರ್ತಿ ಒಂದು ಕೋಣೆ ಸಿಗುತ್ತೆ. ಅಗಲ ಮಂಚ, ಬೀರು, ಬಾಗಿಲು. ಅದು ನಿಂದು."

"ನಿಮಗೆ?"

"ನಾನು ನಡುವೆ ಕೂತು ಓಡಿಸ್ತಿರ್ತೀನಲ್ಲ."

"ಹಾಗಾದ್ರೆ ಗೊರಕೆ ಕೇಳ್ಸಲ್ಲ. ಆಗಬಹುದು."

ಆಮೇಲೆ ಅವನ ಸಂಜೆಗಳೆಲ್ಲ ಯಾರ್ಡಿನಲ್ಲೇ ಕಳೆದವು. ತನ್ನ ದೋಣಿಯ ಜೊತೆಗೆ ಅಲ್ಲಿಗೆ ಬಂದ ಬೇರೆ ದೋಣಿಗಳ ಬೆಂಚು, ಕಪಾಟುಗಳನ್ನೂ ಸರಿಮಾಡಿಕೊಟ್ಟ. ಹೋದ ತಿಂಗಳು, ಇನ್ನು ದೋಣಿಯಲ್ಲೇ ವಾಸವೆಂದು, ಬಾಡಿಗೆ ಮನೆ ಬಿಡುತ್ತೇವೆಂದು ಮಾಲೀಕರಿಗೆ ಹೇಳಿ, ಪಾತ್ರೆಗಳನ್ನು ತಾನೇ ಪೆಟ್ಟಿಗೆಗೆ ತುಂಬಿದ.

*

ಅವಳು ಮೇಲಿನಿಂದ ಬಗ್ಗಿ ಕೇಳಿದಳು. "ಮೇಸ್ತ್ರಿ, ಇದನ್ನ ಯಾವತ್ತು ನೀರಿಗೆ ಇಳಿಸ್ತೀರಿ? ಒಂದನೇ ತಾರೀಖಿಗೆ ಆ ಮನೆಗೆ ಬೇರೆಯವರು ಬರ್ತಾರೆ. ನನಗೆ ಇನ್ನು ಇದೇ ಮನೆ."

ಮೇಸ್ತ್ರಿ ಕೊರಳ ಗುಂಡಿ ಬಿಚ್ಚಿಕೊಂಡ.

"ಅಕ್ಕಾ, ಇದು ನೀರಿಗೆ ಹೋಗಲ್ಲ. ತಳದ ಫೈಬರ್ ಒಳಗೇ ನೀರು ಕುಡಿದು ಪದರ ಪದರವಾಗಿ ಬಿಟ್ಟಿದೆ. ಮೇಲೆ ಬಣ್ಣ ಅಷ್ಟೇ."

"ಯಾವಾಗಿಂದ ಗೊತ್ತು?"

"ಆರು ವರ್ಷ ಆಯ್ತು."

"ಅವರಿಗೆ?"

"ಅಣ್ಣ ಮರದ ಕೆಲಸದವರು. ಫೈಬರ್ ನಿನ್ನ ಪಾಲು ಅಂತ ನನಗೇ ಬಿಟ್ಟಿದ್ರು. ಒಂದು ದಿನವೂ ತಳ ಮುಟ್ಟಿ ನೋಡ್ಲಿಲ್ಲ."

"ನೀವು ಹೇಳ್ಲಿಲ್ಲ."

"ಹೇಳಿದ್ರೆ ಬರೋದನ್ನ ಬಿಡ್ತಿದ್ರು."

"ನಿಮ್ಮ ಬಿಟ್ಟಿ ಕೆಲಸ ನಿಲ್ತಿತ್ತು ಅನ್ನಿ."

ಮೇಸ್ತ್ರಿ ನೆಲ ನೋಡಿದ. "ಮುಂದಿನ ತಿಂಗಳು ಇಳಿಸೋಣ ಅಂತ ಪ್ರತಿ ವರ್ಷ ಅಂತಿದ್ದೆ. ಈ ಸಲ ಮನೇನೇ ಬಿಟ್ಟುಬಿಡ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ."

"ನಮ್ಮನೇಲಿ ಇದ್ದುಬಿಡಿ ಅತ್ತಿಗೆ," ಎಂದಳು ನಾದಿನಿ. ಅವಳ ಗಂಡ ಕೈಗಡಿಯಾರ ನೋಡಿಕೊಂಡ. ಅದು ಅತ್ತಿಗೆಯ ಕಣ್ಣಿಗೂ ಬಿತ್ತು.

ಅವಳು ಹಿಂದಿನ ಕೋಣೆಗೆ ಇಳಿದಳು. ಮಂಚ ಅಗಲವಾಗಿತ್ತು, ಅಂಚುಗಳು ಕೈಗೆ ಸಿಬಿರು ತಾಗದಷ್ಟು ನುಣುಪಾಗಿದ್ದವು. ಬೀರುವಿನ ಮೇಲಿನ ಹಲಗೆಯನ್ನು ಗಂಡ ಅವಳ ಎತ್ತರಕ್ಕೆ ಸರಿಯಾಗಿ ಕೂರಿಸಿದ್ದ. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಹೊರಗೆ ಬಂದು ಹೇಳಿದಳು. "ಪೆಟ್ಟಿಗೆಗಳನ್ನ ಇಲ್ಲಿಗೇ ತರಿಸಿ."

"ಹೇಗಕ್ಕಾ? ನಲ್ಲಿ ಗೇಟಿನ ಹತ್ರ ಇದೆ. ದಿನಾ ಈ ಏಣಿಯಲ್ಲಿ ನೀರು ಹೊರೋರು ಯಾರು?"

ಅವಳು ಒಳಗಿದ್ದ ಬಣ್ಣದ ಖಾಲಿ ಬಕೆಟ್ ತಂದು ಕೆಳಗೆ ಚಾಚಿದಳು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮೇಸ್ತ್ರಿಯೇ ಕೈ ನೀಡಿ ತೆಗೆದುಕೊಂಡ.

ಸಾವಿಗೆಂದು ಇಸ್ತ್ರಿ ಮಾಡಿಸಿದ ಅಂಗಿಯಲ್ಲೇ ಅವನು ತುಂಬಿದ ಬಕೆಟ್ ಹಿಡಿದು ಏಣಿ ಹತ್ತಿದ. ಮೆಟ್ಟಿಲು ಮೆಟ್ಟಿಲಿಗೂ ನೀರು ತುಳುಕಿ, ದೋಣಿಯ ಹೊಸ ನೀಲಿ ಬಣ್ಣದ ಮೇಲೆ ಹರಿದು, ತಳದ ಅಂಚಿನಿಂದ ಒಣ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.