ಮಾವ ಅಲ್ಲ, ಚಿಕ್ಕಪ್ಪ

ವಿಡಿಯೊ ಆಟಗಳನ್ನು ಕನ್ನಡಕ್ಕೆ ತರುವ ಆ ಕಚೇರಿಯಲ್ಲಿ ಅನುವಾದಕಿಯ ನಿಜವಾದ ಹೆಸರು ಹೇಳಿದರೆ ಕಾವಲುಗಾರನೂ ತಲೆ ಕೆರೆದುಕೊಳ್ಳುತ್ತಿದ್ದ. ‘ಮಾವ ಮೇಡಂ’ ಅಂದರೆ ಸಾಕು, ನಗುತ್ತಾ ಬಾಗಿಲು ತೆಗೆಯುತ್ತಿದ್ದ.

ಈ ಬಿರುದು ಅಂಟಿಕೊಂಡು ಹದಿನೇಳು ವರ್ಷವಾಗಿತ್ತು. ಟಿವಿಗೆ ಸಿಕ್ಕಿಸಿ ಆಡುವ ಒಂದು ಜಪಾನಿ ಆಟವನ್ನು ಅವಳು ನಮ್ಮ ಭಾಷೆಗೆ ತಂದಿದ್ದಳು. ಕೋಟೆ, ಕತ್ತಿ, ಮಂತ್ರ, ಅರವತ್ತು ಗಂಟೆ ಆಡಿದರೂ ಮುಗಿಯದ ಕಥೆ. ಅದರಲ್ಲಿ ತಂದೆ ಸತ್ತ ಒಬ್ಬ ರಾಜಕುಮಾರಿ, ಅವಳ ಸಿಂಹಾಸನ ಕಸಿದುಕೊಳ್ಳುವ ಒಬ್ಬ ‘ಒಜಿ’. ಜಪಾನಿನವರು ಅಪ್ಪನ ಅಣ್ಣನನ್ನೂ ಒಜಿ ಅನ್ನುತ್ತಾರೆ, ತಮ್ಮನನ್ನೂ ಒಜಿ ಅನ್ನುತ್ತಾರೆ, ಅಮ್ಮನ ಒಡಹುಟ್ಟಿದವರನ್ನೂ ಒಜಿ ಅನ್ನುತ್ತಾರೆ. ಚಿತ್ರಾಕ್ಷರದಲ್ಲಿ ಬರೆದರೆ ವ್ಯತ್ಯಾಸ ಸ್ವಲ್ಪ ತಿಳಿಯುತ್ತದೆ. ಆದರೆ ಆ ಹಳೆಯ ಆಟದಲ್ಲಿ ಜಾಗ ಸಾಲದೆ ಬರೀ ಉಚ್ಚಾರಣೆಯ ಅಕ್ಷರಗಳಲ್ಲಿ ಬರೆದಿದ್ದರು. ನಮ್ಮಲ್ಲೋ ಪದ ಹಿಡಿಯುವ ಮೊದಲು ವಂಶವೃಕ್ಷ ಹಿಡಿಯಬೇಕು.

ಮಾತುಗಳು ಮೂರು ಕಂತಿನಲ್ಲಿ ಬಂದಿದ್ದವು, ಅದೂ ಹಿಂದುಮುಂದಾಗಿ, ಯಾರು ಯಾರಿಗೆ ಹೇಳಿದ್ದೆಂದು ತಿಳಿಯದ ಹಾಗೆ. ಮೊದಲ ಕಂತಿನಲ್ಲೇ ಒಜಿ ಎದುರಾದಾಗ ಅವಳು ಮುಖ್ಯಸ್ಥನ ಮೇಜಿಗೆ ಹೋಗಿ, “ಇವನು ಯಾವ ಕಡೆಯವನು ಸರ್, ಅಪ್ಪನ ಕಡೆಯೋ ಅಮ್ಮನ ಕಡೆಯೋ?” ಎಂದು ಕೇಳಿದ್ದಳು. ಮುಖ್ಯಸ್ಥ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಆಸಾಮಿ. “ಯಾವನೋ ಒಬ್ಬ. ಮಾವ ಅಂತ ಹಾಕಿ, ಚಿಕ್ಕದಾಗಿದೆ” ಅಂದ. ಹಾಕಿದಳು.

ಮೂರನೆಯ ಕಂತು ಬಂದಾಗ ಗುಟ್ಟು ಬಯಲಾಯಿತು. ಒಜಿ ಸತ್ತ ರಾಜನ ತಮ್ಮ. ಸಿಂಹಾಸನದ ಮೇಲೆ ಅವನಿಗೂ ಹಕ್ಕಿದೆ, ಅದಕ್ಕೇ ಇಷ್ಟೆಲ್ಲ ರಕ್ತ. ಅಷ್ಟರಲ್ಲಿ ಮೊದಲ ಕಂತಿಗೆ ಬೀಗ ಬಿದ್ದಿತ್ತು, ಇನ್ನು ತಿದ್ದುವಂತಿರಲಿಲ್ಲ. ಸಾಯುವ ಮುನ್ನ ಅವನು ರಾಜಕುಮಾರಿಗೆ ಒಂದು ಮಾತು ಹೇಳುತ್ತಾನೆ: “ಅಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಸಿಂಹಾಸನ ತೋರಿಸುತ್ತಿದ್ದ. ಆಮೇಲೆ ಇಳಿಸಿಬಿಟ್ಟ.” ಆ ಮಾತು ಓದಿ ಅವಳು ಅತ್ತಿದ್ದಳು. ಅತ್ತು, ಕಣ್ಣೊರೆಸಿಕೊಂಡು, ಅದನ್ನು ತಿರುಚಿದಳು. ಅಮ್ಮನ ತಮ್ಮನಿಗೆ ರಾಜ ಅಣ್ಣ ಹೇಗಾದಾನು? “ಭಾವ ನನಗೆ ಈ ಸಿಂಹಾಸನ ತೋರಿಸಿದ್ದರು” ಎಂದು ಬರೆದಳು. ಮನೆ ನೋಡಲು ಬಂದ ನೆಂಟನ ಮಾತಿನ ಹಾಗಿತ್ತು.

ಆಟ ಹೊರಬಂದಾಗ ಆಡುವವರು ಬಿದ್ದು ಬಿದ್ದು ನಕ್ಕರು. ಅಕ್ಕನ ಗಂಡನ ಆಸ್ತಿಗೆ ಮಾವ ಯಾಕಪ್ಪ ಬಂದ? ನಡುವೆ ರಾಜಕುಮಾರಿ ಅವನನ್ನು ಸೆರೆಗೆ ಹಾಕಿಸುವ ಭಾಗಕ್ಕೆ ‘ಮಾವನ ಮನೆಗೆ ಹೋದ ಮಾವ’ ಎಂದು ಹೆಸರಿಟ್ಟರು. ಮುಖ್ಯಸ್ಥ ಅನುವಾದಕಿಯತ್ತ ಕೈ ತೋರಿಸಿ ಜಾರಿಕೊಂಡ. ಆಟದ ಕೊನೆಯ ಪಟ್ಟಿಯಲ್ಲಿ ಅವನ ಹೆಸರಿತ್ತು, ಚಹಾ ತಂದುಕೊಟ್ಟವನ ಹೆಸರೂ ಇತ್ತು, ಅವಳದಿರಲಿಲ್ಲ. ತಪ್ಪು ಮಾತ್ರ ಅವಳದೇ ಅಂತ ಊರಿಗೆಲ್ಲ ಗೊತ್ತಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಅವಳು ಬಟ್ಟೆ ಒಗೆಯುವ ಯಂತ್ರಗಳ ಕೈಪಿಡಿ ಬರೆದಳು.

ಈಗ ಅದೇ ಆಟವನ್ನು ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕೆ ಇಳಿಸುತ್ತಿದ್ದರು. ಪಠ್ಯವನ್ನು ಸಣ್ಣ ಪರದೆಗೆ ಹೊಂದಿಸಿಕೊಡಿ ಎಂದು ಕರೆ ಬಂತು. ಫೋನ್ ಇಟ್ಟವಳೇ ಅವಳು ಅಡುಗೆಮನೆಗೆ ಓಡಿದಳು. ಅಕ್ಕ ಬಟಾಣಿ ಸುಲಿಯುತ್ತಿದ್ದಳು.

“ಅಕ್ಕಾ, ಈ ಸಲ ಸರಿ ಮಾಡ್ತೀನಿ.”

“ಆ ಮಾವನ್ನ ನೀನಿನ್ನೂ ಬಿಟ್ಟಿಲ್ವೇನೇ? ಗಂಡನ್ನಾದ್ರೂ ಇಷ್ಟು ನೆನೆಸ್ಕೊಂಡಿದ್ರೆ ಅವನು ಬಿಟ್ಟು ಹೋಗ್ತಿರ್ಲಿಲ್ಲ,” ಎಂದಳು ಅಕ್ಕ. ಅವಳ ನಾಲಿಗೆಗೆ ಎಲುಬಿಲ್ಲ, ಪ್ರೀತಿ ಇದೆ.

ಆರುನೂರ ಹನ್ನೊಂದು ಕಡೆ ಮಾವ ಇದ್ದ. ಅನುವಾದಕಿ ಒಬ್ಬೊಬ್ಬನನ್ನೇ ಹುಡುಕಿ ಚಿಕ್ಕಪ್ಪನನ್ನಾಗಿ ಮಾಡಿದಳು. ಪರದೆಯ ಮೇಲೆ ಹಾಕಿ ನೋಡಿದರೆ ಹೊಸ ಗ್ರಹಚಾರ. ಸಾಲುಗಳ ನಡುವೆ ಜಾಗವಿಲ್ಲದೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗಿ, ಚಿಕ್ಕಪ್ಪ ‘ಚಿಕಪ’ ಆಗಿ ನಿಂತಿದ್ದ.

“ಕಾಕಾ ಅಂತ ಹಾಕ್ಬಿಡಿ ಮೇಡಂ, ಕೆಲವು ಕಡೆ ಹಾಗೇ ಅಂತಾರಲ್ಲ. ಒತ್ತೇ ಇಲ್ಲ,” ಎಂದ ಪ್ರೋಗ್ರಾಮರ್.

“ಉಳಿದವರೆಲ್ಲ ಕಾಗೆ ಅಂದ್ಕೊಳ್ತಾರೆ,” ಎಂದಳು ಆಟವನ್ನು ಆಡಿ ತಪ್ಪು ಹುಡುಕುವ ಪರೀಕ್ಷಕಿ.

ಕೊನೆಗೆ ಪ್ರೋಗ್ರಾಮರ್ ಸಾಲುಗಳನ್ನು ದೂರ ಸರಿಸಿದ. ಮೂರು ಸಾಲು ಹಿಡಿಯುತ್ತಿದ್ದ ಮಾತಿನ ಚೌಕದಲ್ಲಿ ಎರಡೇ ಹಿಡಿದವು. ಅಂದರೆ ಇಡೀ ಆಟದ ಪ್ರತಿ ಮಾತನ್ನೂ ಅವಳು ಮತ್ತೆ ಕತ್ತರಿಸಿ ಹೊಲಿಯಬೇಕು. ಎಂಟು ವಾರ ಕೂತಳು. ಕುತ್ತಿಗೆ ಹಿಡಿಯಿತು, ಕನ್ನಡಕದ ನಂಬರು ಏರಿತು. ಸಾಯುವವನ ಮಾತು ಎರಡು ಚೌಕಗಳಲ್ಲಿ ಕೂತಿತು: ಒಂದರಲ್ಲಿ ಹೆಗಲು, ಮುಂದಿನದರಲ್ಲಿ ಬರೀ “ಆಮೇಲೆ ಇಳಿಸಿಬಿಟ್ಟ.” ಗುಂಡಿ ಒತ್ತಿದರೆ ಮಾತ್ರ ಅದು ಬರುವುದು. ಜಪಾನಿ ಮೂಲದಲ್ಲಿಯೂ ಅದು ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಪರೀಕ್ಷಕಿ ಅಲ್ಲಿಗೆ ಬಂದು ಗುಂಡಿ ಒತ್ತಿ, ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಮೂಗೆಳೆದುಕೊಂಡಳು. “ಅಯ್ಯೋ ಪಾಪ ಮೇಡಂ ಇವನು” ಅಂದಳು. ಅನುವಾದಕಿಗೆ ಹದಿನೇಳು ವರ್ಷದ ಭಾರ ಅಲ್ಲೇ ಇಳಿದಂತಾಯಿತು.

ಮರುದಿನ ಮುಖ್ಯಸ್ಥ ಒಳಗೆ ಕರೆದ. ಈಗ ಅವನ ಕೂದಲಿಗೆ ಬಣ್ಣ, ಕೋಣೆಗೆ ಗಾಜಿನ ಬಾಗಿಲು.

“ಏನ್ರೀ ಇದು, ಮಾವ ಎಲ್ಲಿ?”

“ಅವನು ಚಿಕ್ಕಪ್ಪ ಸರ್. ಆವತ್ತೇ ಚಿಕ್ಕಪ್ಪನೇ.”

“ಅದು ನನಗೂ ಗೊತ್ತು. ಜನಕ್ಕೆ ಬೇಕಾಗಿರೋದು ಮಾವ. ಆವತ್ತು ನಕ್ಕ ಮಕ್ಕಳೆಲ್ಲ ಈಗ ಸಂಬಳ ತಗೊಳ್ಳೋರು, ಅವರೇ ಕೊಳ್ಳೋದು. ಜಾಹೀರಾತು ನೋಡಿ.” ಅವನು ತಿರುಗಿಸಿದ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿತ್ತು: ‘ಮಾವ ಮತ್ತೆ ಬಂದ!’

ಅವಳಿಗೆ ಮೈ ಉರಿಯಿತು. ಇದೇ ಮನುಷ್ಯನ ಬಾಯಿಂದ ಬಂದ ಮಾವ. ಬೈಗುಳ ಬಿದ್ದಾಗ ಅವಳದು, ಮೆರವಣಿಗೆ ಹೊರಟಾಗ ಕಂಪನಿಯದು.

“ಎಲ್ಲಾ ಕಡೆ ಮಾವ ಅಂತಲೇ ಇಟ್ಕೊಳ್ಳಿ ಸರ್. ಸಾಯೋ ಮಾತು ಒಂದು ಮಾತ್ರ ಬಿಟ್ಬಿಡಿ,” ಎಂದು ಅಂಗಲಾಚಿದಳು.

“ಮಾವ ಹೋಗಿ ರಾಜನ್ನ ಅಣ್ಣ ಅಂತ ಕರೀತಾನಾ? ನೀವೇ ಹೇಳಿ.”

ಹದಿನೇಳು ವರ್ಷದ ಹಿಂದೆ ಅವಳೇ ತನ್ನನ್ನು ಕೇಳಿಕೊಂಡ ಪ್ರಶ್ನೆ ಅದು.

“ಆ ಮಾತೇ ಬೇಡ. ಮಾವ ನಕ್ಕು ಸಾಯ್ಲಿ, ಜನಾನೂ ನಗ್ತಾರೆ,” ಎಂದ ಮುಖ್ಯಸ್ಥ. ಆಮೇಲೆ ದನಿ ತಗ್ಗಿಸಿದ. “ನೋಡಿ, ಆವತ್ತು ನಿಮಗೆ ಅನ್ಯಾಯ ಆಯ್ತು. ಈ ಸಲ ಆಟ ಶುರುವಾಗೋ ಪರದೆ ಮೇಲೇ ನಿಮ್ಮ ಹೆಸರು, ಒಂದೇ ಹೆಸರು. ಒಪ್ಪಲ್ಲ ಅಂದ್ರೆ ಬಲವಂತ ಇಲ್ಲ, ಇನ್ನೊಬ್ಬರ ಕೈಲಿ ಮಾಡಿಸ್ತೀವಿ. ಹೆಸರೂ ಅವರದೇ ಬರುತ್ತೆ.”

ಅವಳು ಒಪ್ಪುವುದಿಲ್ಲ ಅನ್ನಬೇಕಿತ್ತು. ಅನ್ನುತ್ತೇನೆಂದು ಅವಳೂ ನಂಬಿದ್ದಳು. ಬಾಗಿಲವರೆಗೆ ಹೋದಳು ಕೂಡ. ಆದರೆ ಅಷ್ಟು ವರ್ಷ ಹಸಿದವರ ಮುಂದೆ ತಟ್ಟೆ ಇಟ್ಟರೆ ಅನ್ನ ಯಾರ ಮನೆಯದೆಂದು ಕೇಳುವ ಛಲ ಎಲ್ಲರಿಗೂ ಇರುವುದಿಲ್ಲ.

ಮಧ್ಯಾಹ್ನ ಅವಳು ಪ್ರೋಗ್ರಾಮರ್ ಪಕ್ಕದಲ್ಲಿ ಕೂತು ಆರುನೂರ ಹನ್ನೊಂದು ಚಿಕ್ಕಪ್ಪಂದಿರನ್ನೂ ಮಾವಂದಿರನ್ನಾಗಿ ಮಾಡಿಸಿದಳು. ಒಂದೇ ಆಜ್ಞೆಗೆ ಎಲ್ಲ ಬದಲಾದವು, ಅರ್ಧ ನಿಮಿಷವೂ ಹಿಡಿಯಲಿಲ್ಲ. ಸಾಯುವ ಮಾತಿನ ಎರಡು ಚೌಕಗಳನ್ನು ಮಾತ್ರ ಯಾರ ಕೈಗೂ ಕೊಡದೆ ತಾನೇ ಅಳಿಸಿ, “ಹಾ ಹಾ ಹಾ” ಎಂದು ಬರೆದಳು.

ಪರೀಕ್ಷಕಿ ಆಡಿ ನೋಡಿದಳು. “ಇವನು ಯಾಕೆ ನಗ್ತಾನೆ ಮೇಡಂ?” ಎಂದು ಕೇಳಿದಳು.

ಮೊದಲ ಸಲದ್ದು ತಿಳಿಯದೆ ಆದ ತಪ್ಪು ಎಂದು ಅನುವಾದಕಿ ಇಷ್ಟು ದಿನ ಹೇಳಿಕೊಳ್ಳಬಹುದಿತ್ತು.

ಪ್ರೋಗ್ರಾಮರ್ ಅವಳ ಹೆಸರನ್ನು ಮೊದಲ ಪರದೆಗೆ ಹಾಕಿ ಪುಟ್ಟ ಯಂತ್ರವನ್ನು ಅವಳ ಕೈಗೆ ಕೊಟ್ಟ. ಅವಳು ಕನ್ನಡಕ ಮೇಲೇರಿಸಿ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು.

“ಎರಡನೇ ಅಕ್ಷರಕ್ಕೆ ದೀರ್ಘ ಬಿಟ್ಟಿದೀರ,” ಎಂದಳು. “ಸರಿ ಮಾಡಿ. ತಪ್ಪು ಹೋಗಬಾರದು.”