ಅಮ್ಮನ ಅಕ್ಕ

"ಇಬ್ಬಿಬ್ರಾಗಿ ನಿಂತ್ಕೊಳ್ಳಿ, ಇಬ್ಬಿಬ್ರಾಗಿ! ಮನೆಯವ್ರು ಮಾತ್ರ!" ಎಂದು ಕೂಗುತ್ತ ಚರ್ಚಿನ ಮೆಟ್ಟಿಲಿಳಿದ ಪರ್ನೆಲ್ ಅಲ್ಲೇ ನಿಂತುಬಿಟ್ಟರು. ಶವಸಂಸ್ಕಾರ ನಡೆಸಿಕೊಡುವುದೇ ಕಸುಬು, ಊರಿನ ಅರ್ಧ ಜನರನ್ನು ಮಣ್ಣು ಮಾಡಿಸಿದ ಮನುಷ್ಯ. ಎಂಥ ಸಾವಿನಲ್ಲೂ ತಬ್ಬಿಬ್ಬಾದವರಲ್ಲ. ತೀರಿಕೊಂಡ ಓಜೆಲಾಳ ಮನೆಯವರೆಂದರೆ ತಂಗಿ ವರ್ಲೀನ್, ಜೊತೆಗೆ ಒಂದಿಬ್ಬರು ಮುದಿ ನೆಂಟರು ಎಂದುಕೊಂಡು ಒಂದೇ ಕಾರು ತಂದಿದ್ದರು. ಈಗ ನೋಡಿದರೆ ಸಾಲು ಮೆಟ್ಟಿಲ ಬುಡದಿಂದ ಹೊರಟು, ಪೆಕಾನ್ ಮರ ಸುತ್ತಿ, ರಸ್ತೆಗೆ ಇಳಿದಿತ್ತು.

ನಮ್ಮಲ್ಲಿ ಊರವರು ಮೊದಲು ಹೋಗಿ ಕೂರುತ್ತಾರೆ. ಮನೆಯವರು ಆಮೇಲೆ ಸಾಲಾಗಿ ಒಳಗೆ ಹೋಗುತ್ತಾರೆ, ಆಗ ಊರವರು ಎದ್ದು ನಿಲ್ಲಬೇಕು. ಆ ಸಾಲಿನಲ್ಲಿ ಕಂಡವರೆಲ್ಲ ಸೇರಿಕೊಳ್ಳುವ ಹಾಗಿಲ್ಲ.

ಪರ್ನೆಲ್ ಸಾಲಿನ ಕೊನೆಯವರೆಗೂ ಹೋಗಿ, ಬೆವರೊರೆಸಿಕೊಳ್ಳುತ್ತ ವಾಪಸು ಬಂದರು.

"ವರ್ಲೀನಮ್ಮ, ಯಾರು ಇವ್ರೆಲ್ಲ?"

"ನನಗೇನ್ ಗೊತ್ತು? ನಿಮ್ಮ ಗಿರಾಕಿಗಳಿರಬೇಕು."

"ಒಬ್ಬೊಬ್ರನ್ನೂ ಕೇಳ್ದೆ. ಎಲ್ರೂ ಓಜೆಲಾ ನಮ್ಮ ದೊಡ್ಡಮ್ಮ ಅಂತಾರೆ."

"ದೊಡ್ಡಮ್ಮನಾ?"

"ಅಮ್ಮನ ಅಕ್ಕ ಅಂತೆ." ಪರ್ನೆಲ್ ದನಿ ತಗ್ಗಿಸಿದರು. "ಓಜೆಲಾಗೆ ನೀವೊಬ್ರೇ ತಂಗಿ ಅಲ್ವಾ? ಹಂಗಾದ್ರೆ ಇವ್ರೆಲ್ಲ..."

"ಬಾಯ್ಮುಚ್ಚಿ, ಪರ್ನೆಲ್."

ವರ್ಲೀನ್ ಹೆತ್ತದ್ದು ಒಬ್ಬನನ್ನೇ. ಆ ಡೆಲ್ವಿನ್‌ಗೆಂದು ಸಾಲಿನ ತಲೆಯಲ್ಲಿ ತನ್ನ ಪಕ್ಕದ ಜಾಗ ಬಿಟ್ಟುಕೊಂಡು ನಿಂತಿದ್ದಳು. ಫೋನಿನಲ್ಲಿ ಅವನು "ನೋಡ್ತೀನಿ" ಅಂದಿದ್ದ. ಮಗನ "ನೋಡ್ತೀನಿ" ಎಂದರೆ ಏನೆಂದು ಅವಳಿಗೆ ಗೊತ್ತು. ಆದರೂ ರಸ್ತೆಯ ಕಡೆ ನೋಡುವುದನ್ನು ಬಿಟ್ಟಿರಲಿಲ್ಲ.

*

ಡೆಲ್ವಿನ್ ಹದಿನೈದರ ಹುಡುಗನಾಗಿದ್ದಾಗ ಶಾಲೆಯ ಬಸ್ಸಿನಲ್ಲಿ ಒಬ್ಬ ಬಿಳಿಯ ಹುಡುಗನ ಜೊತೆ ಹೊಡೆದಾಡಿದ. ಇಬ್ಬರ ಮೂಗಿನಲ್ಲೂ ರಕ್ತ ಬಂದಿತ್ತು. ವಿಚಾರಣೆಯ ದಿನ ವರ್ಲೀನ್‌ಗೆ ಮೀನಿನ ಕಾರ್ಖಾನೆಯಲ್ಲಿ ರಜೆ ಕೊಡಲಿಲ್ಲ. ಹೋದರೆ ಮತ್ತೆ ಬರುವುದೇ ಬೇಡ ಎಂದರು. "ನೀನ್ ಹೋಗಕ್ಕ" ಎಂದು ಓಜೆಲಾಳನ್ನು ಕಳಿಸಿದಳು.

ಓಜೆಲಾ ಅಂಚೆ ಕಚೇರಿಯಲ್ಲಿ ಸ್ಟಾಂಪು ಕೇಳಲೂ ಹಿಂದುಮುಂದು ನೋಡುವ ಹೆಂಗಸು. ದಾರಿಯುದ್ದ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡಳು: ಇವನ ಅಮ್ಮ ವರ್ಲೀನ್, ಕೆಲಸದ ಮೇಲಿದ್ದಾಳೆ, ಹುಡುಗನನ್ನು ನನ್ನ ಜೊತೆ ಮನೆಗೆ ಕಳಿಸಿ.

ಕೋರ್ಟಿನಲ್ಲಿ ಬಿಳಿಯ ಹುಡುಗನ ಪಕ್ಕದಲ್ಲಿ ಅವನ ಅಜ್ಜ ಕೂತಿದ್ದ. ಅಪ್ಪ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಓಜೆಲಾ ಎದ್ದು ನಿಂತಾಗ ಜಡ್ಜ್ ಕನ್ನಡಕದ ಮೇಲಿಂದ ನೋಡಿದ.

"ಅಮ್ಮನಾ?"

"ಅಮ್ಮನ ಅಕ್ಕ, ಸ್ವಾಮಿ. ಇವನ ಅಮ್ಮ..."

"ಅಪ್ಪ ಅಮ್ಮ ಬಿಟ್ರೆ ಬೇರೆಯವ್ರು ಇಲ್ಲಿ ಮಾತಾಡೋ ಹಾಗಿಲ್ಲ. ಕೂತ್ಕೋ."

ಆ ಹುಡುಗ ಅಜ್ಜನ ಜೊತೆ ಮನೆಗೆ ಹೋದ. ಡೆಲ್ವಿನ್ ಮಕ್ಕಳ ಜೈಲಿಗೆ ಹೋದ.

ಸಂಜೆ ವರ್ಲೀನ್ ಮೀನಿನ ವಾಸನೆಯ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಿದ್ದಳು.

"ನೀನ್ ಏನಂದೆ?"

"ನನ್ನನ್ನ ಮಾತಾಡೋಕೇ..."

"ಏನೂ ಅನ್ಲಿಲ್ಲ ಅಲ್ವಾ? ಬಾಯಿ ಹೊಲ್ಕೊಂಡು ನಿಂತಿದ್ದೆ ಅಲ್ವಾ?"

ಹುಡುಗನೇ ಬಂದಿರಲಿಲ್ಲ, ವಾದ ಮಾಡಿ ಏನು ಮಾಡುವುದು ಎಂದು ಓಜೆಲಾ ಸುಮ್ಮನಾದಳು. ಆ ಸುಮ್ಮನಿರುವಿಕೆಯನ್ನೇ ತಂಗಿ ತಪ್ಪೊಪ್ಪಿಗೆ ಎಂದುಕೊಂಡಳು. ಡೆಲ್ವಿನ್ ಹಿಂತಿರುಗಿದಾಗ ಮೀಸೆ ಬಂದಿತ್ತು, ಮಾತು ಹೋಗಿತ್ತು. ಕೆಲವೇ ದಿನ ಇದ್ದು ಮೆಂಫಿಸ್ ಶಹರದ ಕಡೆ ಹೊರಟುಹೋದ.

ನಮ್ಮಲ್ಲಿ ಜಡ್ಜನ್ನೂ ಜನರೇ ಮತ ಹಾಕಿ ಆರಿಸುತ್ತಾರೆ. ಮುಂದಿನ ಚುನಾವಣೆಯ ಹೊತ್ತಿಗೆ ಓಜೆಲಾಗೆ ಅದೇನು ಹಿಡಿಯಿತೋ! ಪಾಳಿ ಬದಲಾಗುವಾಗ ಕಾರ್ಖಾನೆಯ ಗೇಟಿನಲ್ಲಿ ನಿಂತು, ಬಂದಬಂದವರ ತೋಳು ಹಿಡಿದು ಹೇಳತೊಡಗಿದಳು. "ಮೇಲಿನ ದೊಡ್ಡ ಹೆಸರಿಗೆ ಗುರುತು ಹಾಕಿ ಓಡ್ಬೇಡಿ. ಓಟಿನ ಚೀಟಿ ತಿರುಗ್ಸಿ. ಮಕ್ಕಳ ಕೋರ್ಟಿನ ಜಡ್ಜ್ ಹೆಸರು ಹಿಂದುಗಡೆ ಇರುತ್ತೆ." ಊರವರು "ಚೀಟಿ ತಿರುಗ್ಸೋ ಓಜೆಲಾ" ಎಂದು ನಕ್ಕರು. ಎರಡು ಸಲ ಆ ಜಡ್ಜೇ ಗೆದ್ದ. ಮೂರನೆಯ ಸಲ ಹಳೇ ಜಡ್ಜ್ ಮನೆಗೆ ಹೋದ, ಹೊಸಬ ಬಂದ. ಓಜೆಲಾ ಬಿಡದೆ ಅವನ ಬೆನ್ನು ಹತ್ತಿ ನಿಯಮವನ್ನೂ ಬದಲಾಯಿಸುವಂತೆ ಮಾಡಿದಳು: ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ, ಯಾವ ನೆಂಟರಾದರೂ ನಿಂತು ಮಾತಾಡಬಹುದು, ಮಗುವನ್ನು ಮನೆಗೆ ಕರೆದೊಯ್ಯಬಹುದು.

ವರ್ಲೀನ್ ಒಂದು ಸಲವೂ ಮತ ಹಾಕಲಿಲ್ಲ.

"ಹಾಕಿದ್ರೆ ನನ್ನ ಮಗ ಬರ್ತಾನಾ?" ಎಂದು ಗೇಟಿನಲ್ಲೇ ಕೇಳಿದ್ದಳು.

"ನಿನ್ನ ಮಗ ಬರಲ್ಲ. ಇನ್ನೊಬ್ಬಳ ಮಗ ಹೋಗಲ್ಲ."

"ಇನ್ನೊಬ್ಬಳ ಮಗನ್ನ ಕಟ್ಕೊಂಡು ನನಗೇನು?"

*

"ಅಮ್ಮಾ..."

ವರ್ಲೀನ್ ಬೆಚ್ಚಿ ತಿರುಗಿದಳು. ಡೆಲ್ವಿನ್ ಅಲ್ಲ, ಅವನಿಗಿಂತ ಹತ್ತು ವರ್ಷ ಚಿಕ್ಕವನಿರಬೇಕು, ಒಬ್ಬ ದಪ್ಪ ಆಳು, ಸೂಟು ಭುಜದಲ್ಲಿ ಬಿಗಿಯುತ್ತಿತ್ತು.

"ನಾನು ಟೆರೆಂಟ್. ನೀವು ವರ್ಲೀನ್ ಅಲ್ವಾ? ಮೀನಿನ ಕಾರ್ಖಾನೆ?"

"ಹೌದು. ಯಾರಪ್ಪ ನೀನು?"

"ಕೋರ್ಟಲ್ಲಿ ನೀವು ನಮ್ಮಮ್ಮ." ಅವನು ನಾಚಿಕೊಂಡ. "ನಮ್ಮಮ್ಮ ಆಗ ಎಲ್ಲಿದ್ಲೋ ಗೊತ್ತಿರ್ಲಿಲ್ಲ. ಯಾರೂ ಬರ್ದೇ ಇರೋ ಹುಡುಗ್ರು ಜೈಲಿಗೇ ಹೋಗ್ತಿದ್ವಿ. ಈ ದೊಡ್ಡಮ್ಮ ಹಿಂದಿನ ಬೆಂಚಿಂದ ಎದ್ದು, 'ಇವನ ಅಮ್ಮ ವರ್ಲೀನ್, ಕೆಲಸದ ಮೇಲಿದಾಳೆ, ನಾನು ಅವಳ ಅಕ್ಕ, ಹುಡುಗನ್ನ ನನ್ನ ಜೊತೆ ಕಳ್ಸಿ' ಅಂದ್ರು. ಅಲ್ಲಿವರ್ಗೂ ನಾನವರ ಮುಖವನ್ನೇ ನೋಡಿರ್ಲಿಲ್ಲ!"

"ನನ್ನ ಹೆಸರು ಹೇಳಿದ್ಲಾ?"

"ಎಲ್ರಿಗೂ ನಿಮ್ಮ ಹೆಸರೇ," ಎಂದಳು ಹಿಂದಿದ್ದ ಹೆಂಗಸು. "ಒಂದ್ಸಲ ಜಡ್ಜೇ ಕೇಳಿದ್ರು, ಈ ವರ್ಲೀನ್‌ಗೆ ಮಕ್ಕಳೆಷ್ಟಮ್ಮ ಅಂತ. 'ನೀವು ಎಷ್ಟು ಹಿಡ್ಕೊಂಡು ಬಂದ್ರೆ ಅಷ್ಟು ಸ್ವಾಮಿ' ಅಂದ್ರು ದೊಡ್ಡಮ್ಮ!"

ಸಾಲಿನಲ್ಲಿ ನಗು ಹರಿಯಿತು. ವರ್ಲೀನ್‌ಗೆ ನಗು ಬರಲಿಲ್ಲ. ಸಿಟ್ಟು ಬಂತೆಂದರೆ ಅದೂ ಪೂರ್ತಿ ಬರಲಿಲ್ಲ. ತನ್ನನ್ನು ಒಂದು ಮಾತು ಕೇಳದೆ ಇಷ್ಟು ಜನಕ್ಕೆ ತಾಯಿ ಮಾಡಿಟ್ಟು ಹೋದಳೇ? ಇದು ಉಪಕಾರವೋ, ಅಣಕವೋ? ಪೆಟ್ಟಿಗೆಯಲ್ಲಿ ಮಲಗಿದವಳನ್ನು ಎಬ್ಬಿಸಿ ಕೇಳಬೇಕು ಅನ್ನಿಸಿತು.

"ಯಾಕಂತೆ? ಯಾಕೆ ನನ್ನ ಹೆಸರು?"

"ನಾನೂ ಕೇಳ್ದೆ ಅಮ್ಮ," ಎಂದ ಟೆರೆಂಟ್. "'ಮೊದಲನೇ ಸಲ ಈ ಮಾತು ಪೂರ್ತಿ ಹೇಳೋಕೆ ಬಿಡ್ಲಿಲ್ಲ ಕಣೋ. ಅದಕ್ಕೇ ಹೇಳ್ತಾನೇ ಇದೀನಿ' ಅಂದ್ರು."

ವರ್ಲೀನ್ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಅಕ್ಕ ಅವತ್ತು ಬಾಯಿ ಬಿಟ್ಟಿದ್ದಳು. ಇಷ್ಟು ವರ್ಷ ಅವಳ ಕೈಯ ಊಟ ಉಂಡು, ಅವಳ ಬೆನ್ನ ಹಿಂದೆ ಆಡಿಕೊಂಡದ್ದೆಲ್ಲ ಒಟ್ಟಿಗೆ ನೆನಪಾಯಿತು.

ಒಳಗೆ ಆರ್ಗನ್ ವಾದನ ಶುರುವಾಯಿತು. ಪರ್ನೆಲ್ ಗಡಿಯಾರ ನೋಡಿಕೊಂಡರು.

"ವರ್ಲೀನಮ್ಮ, ಏನಾದ್ರೂ ಹೇಳಿ. ಮನೆಯವ್ರಲ್ಲದವ್ರನ್ನ ಸಾಲಿಂದ ತೆಗೀಬೇಕು. ಒಳಗೆ ಪಾದ್ರಿ ಕಾಯ್ತಿದಾರೆ."

ಅವಳು ರಸ್ತೆಯ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ಆಮೇಲೆ ಸಾಲನ್ನು ಮೇಲಿಂದ ಕೆಳಗೆ ನೋಡಿದಳು.

"ಹಿಂಗೇ ಒಳಗೆ ಹೋಗ್ತಾರಾ ಇವ್ರು?"

"ಅದೇ ನಾನೂ ಹೇಳಿದ್ದು," ಎಂದು ಪರ್ನೆಲ್ ಮುಂದಾದರು.

ವರ್ಲೀನ್ ಅವರನ್ನು ಪಕ್ಕಕ್ಕೆ ಸರಿಸಿ ಸಾಲಿನ ಉದ್ದಕ್ಕೂ ನಡೆಯತೊಡಗಿದಳು. ಒಬ್ಬನ ಕಾಲರು ಮಡಿಸಿದಳು. ಒಬ್ಬಳ ಬೆನ್ನ ಮೇಲೆ ಬಿಟ್ಟುಹೋಗಿದ್ದ ಗುಂಡಿ ಹಾಕಿದಳು. ತಲೆಗೂದಲು ನರೆತ ಒಬ್ಬನಿಗೆ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿಕೋ ಎಂದು ಗದರಿದಳು, ಅವನು ತಕ್ಷಣ ಸೇರಿಸಿಕೊಂಡ. ತಿರುಗಿ ಬಂದು ಟೆರೆಂಟ್‌ನ ಎದುರು ನಿಂತಳು. ಅವನ ಕೆನ್ನೆಯಲ್ಲಿ ಬೆಳಗಿನ ತಿಂಡಿಯ ಸಿಹಿಪಾಕ ಒಣಗಿ ಅಂಟಿತ್ತು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ಕೈ ಎತ್ತಿದಳು, ಎಟುಕಲಿಲ್ಲ. ಆ ದೊಡ್ಡ ಆಳು ಮಂಡಿ ಬಗ್ಗಿಸಿ, ಕಣ್ಣು ಮುಚ್ಚಿ, ಕೆನ್ನೆ ಒಡ್ಡಿದ.