ಎತ್ತರದ ಜಾಗ

"ನಿಮ್ಮಪ್ಪನ ಆಸ್ತಿ ಏನ್ಲಾ ಆ ಪೈಪು, ಮುದ್ದು ಮಾಡ್ತಾ ಕುಂತಿದ್ದೀಯ? ಎತ್ತಿ ಲಾರಿಗಾಕ್ರೋ, ಬೋಳಿಮಕ್ಳಾ."

ಗುತ್ತಿಗೆದಾರ ಸೆವೇರೊ ಕಿರುಚುತ್ತಿದ್ದ. ಬೆಳಿಗ್ಗೆಯಷ್ಟೇ ಆ ದಪ್ಪ ಸಿಮೆಂಟ್ ಪೈಪುಗಳನ್ನು ನಾವೇ ಇಳಿಸಿ ಹೊಸ ರಸ್ತೆಯಡಿ ಜೋಡಿಸಿದ್ದೆವು. ಅವನು ಪಕ್ಕದಲ್ಲಿ ಹಲ್ಲು ಕಿರಿದು ನಿಂತು ಫೋಟೊ ತೆಗೆಸಿಕೊಂಡಿದ್ದ. ಈಗ ಅವೇ ಪೈಪುಗಳು ಇನ್ನೊಂದೂರಿನ ಫೋಟೊಗೆ ಹೊರಟಿದ್ದವು.

"ಪೈಪಿಲ್ದೆ ಮಣ್ಣು ಮುಚ್ಚಿದ್ರೆ ಮಳೆನೀರು ಎಲ್ಲಿಗೋಗ್ತದೆ ಸಾಮಿ?" ನಮ್ಮ ಜೊತೆ ಕೂಲಿ ಮಾಡುವ ತಿಬೂರಣ್ಣ ಕೇಳಿದ.

"ನಿನ್ ಬಾಯೊಳಕ್ಕೋಗ್ಲಿ. ಹೆಂಡ ಕುಡಿಯೋ ಬಾಯಿ, ನೀರೂ ಕುಡೀಲಿ."

ನಕ್ಕೆವು. ಸಂಜೆಯ ಕೂಲಿ ಅವನ ಜೇಬಿನಲ್ಲಿದ್ದಾಗ ಅವನ ಕುಹಕಕ್ಕೂ ನಗಬೇಕು.

ಸಮಾರ್ ದ್ವೀಪದ ಈ ಕರಾವಳಿ ರಸ್ತೆಯನ್ನು ಬಿರುಗಾಳಿ ವರ್ಷ ವರ್ಷವೂ ಕಿತ್ತೊಯ್ಯುತ್ತದೆಂದು, ಗಾಳಿಗೂ ನೆರೆಗೂ ಜಗ್ಗದ ರಸ್ತೆ ಕಟ್ಟಲು ಸರ್ಕಾರ ಅನುದಾನ ಕೊಟ್ಟಿತ್ತು. ರಸ್ತೆ ನಮ್ಮ ಗುಡಿಸಲುಗಳ ಸೂರಿಗಿಂತ ಮೇಲೆದ್ದಿತು. ನೀರು ಸಮುದ್ರ ಸೇರುವ ದಾರಿ ಕಟ್ಟಿಹೋಯಿತು. ಮೊದಲ ಮಳೆಗೇ ಕೇರಿ ಕೆರೆಯಾಗಿ, ಅಸ್ಯಾಂಗಜ್ಜಿಯ ಹಂದಿ ಬಾಗಿಲಲ್ಲೇ ಈಜಾಡಿತು.

ಅಜ್ಜಿಯನ್ನು ಮುಂದಿಟ್ಟುಕೊಂಡು ಮೇಯರನ ಬಳಿ ಹೋದೆವು. ಅವನು ಮೂಗಿಗೆ ಕರವಸ್ತ್ರ ಹಿಡಿದ.

"ರಸ್ತೆ ಉದ್ಘಾಟನೆಗೆ ರಾಜಧಾನಿ ಮನಿಲಾದಿಂದ ದೊಡ್ಡವ್ರು ಬರ್ತಾರೆ. ನಿನ್ನ ಕೊಳಕು ಗುಡಿಸ್ಲು ಅವ್ರ ಕಣ್ಣಿಗೆ ಬೀಳಬಾರ್ದು. ಎತ್ತು ಅಲ್ಲಿಂದ."

"ಎತ್ಕಂಡು ಎಲ್ಲಿಗೋಗ್ಲಿ ಬುದ್ಧಿ?"

"ಎತ್ತರದ ಜಾಗಕ್ಕೆ ಹೋಗು. ತಲೆ ಇರೋರು ಎತ್ತರದಲ್ಲಿ ಇರ್ತಾರೆ. ನೀವು ಹಂದಿ ಜೊತೆ ಬಿದ್ದಿರ್ತೀರಿ."

ಹೊರಗೆ ಬಂದ ಅಜ್ಜಿ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೆಸರುಗದ್ದೆ. ಎತ್ತರ ಅಂತಿದ್ದದ್ದು ಆ ರಸ್ತೆ ಒಂದೇ. ಅವಳ ಮುಖದಲ್ಲಿ ನಗು ಮೆಲ್ಲಗೆ ಅರಳಿತು.

ಉದ್ಘಾಟನೆಯ ದಿನ ಬೆಳಿಗ್ಗೆ ರೇಡಿಯೊ ಹೇಳಿತು: ನಾಳೆ ಬಿರುಗಾಳಿ. ಅಜ್ಜಿ ತೆಂಗಿನ ಹೆಂಡದ ಬುರುಡೆ ಬಿಚ್ಚಿದಳು. ನಮ್ಮಲ್ಲಿ ಮನೆ ಬದಲಿಸುವುದೆಂದರೆ ಮನೆಯನ್ನೇ ಎತ್ತಿಕೊಂಡು ಹೋಗುವುದು. ಅಜ್ಜಿಯ ಬಿದಿರಿನ ಮನೆಯ ಕೆಳಗೆ ಗಳ ತೂರಿಸಿ, ಕೇರಿಗೆ ಕೇರಿಯೇ ಹೆಗಲು ಕೊಟ್ಟೆವು.

"ಲೇ ಪೂರಿಂಗ್, ನಗ್ತಾ ನಗ್ತಾ ಎತ್ಬ್ಯಾಡ, ಮನೆ ಕುಡ್ದಂಗೆ ಓಲಾಡ್ತದೆ," ತಿಬೂರಣ್ಣ ನನ್ನನ್ನು ಗದರಿದ.

"ಕುಡ್ದಿರೋದು ಮನೆಯಲ್ಲ ಕಣಣ್ಣೋ, ನೀನು."

ನಾವೇ ಕೂಲಿಗೆ ಕಟ್ಟಿದ ಏರಿಯನ್ನು ಮನೆ ಹೊತ್ತು ಹತ್ತಿದೆವು. ಹಂದಿ ಮುಂದೆ ಮುಂದೆ ಓಡಿತು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿಯಿತು. ಮೇಲೆ ರಿಬ್ಬನ್ ಕಟ್ಟಿತ್ತು, ಮನಿಲಾದವರು ಕುರ್ಚಿಯಲ್ಲಿದ್ದರು. ಇದೂ ಕಾರ್ಯಕ್ರಮದ ಭಾಗವೆಂದುಕೊಂಡ ಬ್ಯಾಂಡಿನವರು ಜೋರಾಗಿ ಬಾರಿಸತೊಡಗಿದರು. ಮನಿಲಾದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸೆವೇರೊ ಓಡಿಬಂದ. "ಎಲ್ಲಿಗ್ರೋ, ಸೂಳೆಮಕ್ಳಾ?"

"ಎತ್ತರಕ್ಕೆ ಸಾಮಿ. ಮೇಯರಪ್ಪನ ಅಪ್ಪಣೆ," ಎಂದ ತಿಬೂರಣ್ಣ.

ರಿಬ್ಬನ್ನಿನ ಹಿಂದೆಯೇ, ರಸ್ತೆಗೆ ಅಡ್ಡಲಾಗಿ ಮನೆ ಇಳಿಸಿದೆವು. ಮೇಯರ್ ಹಲ್ಲು ಕಚ್ಚಿಕೊಂಡೇ ಮನಿಲಾದವರತ್ತ ನಗುತ್ತಾ ಪೊಲೀಸಿನವನನ್ನು ತಳ್ಳಿದ. "ಎಳೆದಾಕೋ ಅದನ್ನ."

ಅಷ್ಟರಲ್ಲಿ ಅಜ್ಜಿ ಒಂದು ಕೈಯಲ್ಲಿ ಅಕ್ಕಿ, ಇನ್ನೊಂದರಲ್ಲಿ ಉಪ್ಪು ಹಿಡಿದು ಒಳಗೆ ಕಾಲಿಟ್ಟಿದ್ದಳು. ಅಕ್ಕಿ ಉಪ್ಪು ಒಳಹೊಕ್ಕ ಮೇಲೆ ನಮ್ಮ ಸೀಮೆಯಲ್ಲಿ ಯಾರೂ ಆ ಮನೆಯನ್ನು ಮುಟ್ಟುವುದಿಲ್ಲ. ಪೊಲೀಸಿನವನೂ ಇಲ್ಲಿಯವನೇ. ಟೋಪಿ ತೆಗೆದು ಪಕ್ಕಕ್ಕೆ ನಿಂತ.

"ಗಾಳಿಗೂ ನೀರಿಗೂ ಜಗ್ಗಾಕಿಲ್ಲ ಅಂತ ಬೋರ್ಡು ಹಾಕಿದ್ದೀರಲ್ಲಪ್ಪಾ," ಅಜ್ಜಿ ಬಾಗಿಲಿಂದ ಅಲ್ಲಿದ್ದ ಬೋರ್ಡು ತೋರಿಸಿದಳು. "ನಾಳೆ ನೋಡಾನ. ಬನ್ನಿ, ಕಾಪಿ ಕುಡೀರಿ."

ನಮ್ಮ ಮುಂದೆ ಮೇಯರ್ ಮೊದಲ ಸಲ ಬೆವರುವುದನ್ನು ಕಂಡೆ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಸಮುದ್ರದ ಕಡೆಯಿಂದ ಗಾಳಿ ಎದ್ದು ರಿಬ್ಬನ್ ಪಟಪಟ ಬಡಿಯಿತು. ಅಜ್ಜಿ ತಟ್ಟೆಯಲ್ಲಿದ್ದ ಕತ್ತರಿ ಎತ್ತಿಕೊಂಡು ರಿಬ್ಬನ್ ಕತ್ತರಿಸಿ, ಅದರಲ್ಲೇ ಹಂದಿಯನ್ನು ಕಂಬಕ್ಕೆ ಕಟ್ಟಿದಳು. ಬ್ಯಾಂಡು ಇನ್ನೂ ನಿಂತಿರಲಿಲ್ಲ.

ನಾವು ಗಳಗಳನ್ನು ಹೆಗಲಿಗೇರಿಸಿ ಮತ್ತೆ ಏರಿ ಇಳಿದೆವು. ಮುಂದಿನದು ನನ್ನ ಮನೆ.